ಮಂಜಿನಲ್ಲಿ ಯಾವ ದೀಪ, ಎಷ್ಟು ವೇಗ?

ಕಬ್ಬಿನ ಕಟಾವು ಶುರುವಾಗಿ ಚಳಿ ಬಲಿಯುತ್ತಿದ್ದಂತೆ ಬೀದರ್, ಭಾಲ್ಕಿ, ಔರಾದ್ ಕಡೆಯ ಓದುಗರಿಂದ ರಾತ್ರಿ ಮತ್ತು ನಸುಕಿನ ಚಾಲನೆಯ ಬಗ್ಗೆ ಪತ್ರಗಳು ಬರತೊಡಗಿವೆ. ಹೆಚ್ಚಿನವರು ಕೇಳಿರುವುದು ಫಾಗ್ ಲೈಟಿನ (ಮಂಜಿನಲ್ಲಿ ಹತ್ತಿರದ ರಸ್ತೆ ಕಾಣಲೆಂದು ವಾಹನದ ಮುಂದೆ, ಕೆಳಮಟ್ಟದಲ್ಲಿ ಕೂರಿಸಿದ ದೀಪ) ಕುರಿತು. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬೀದರ್ ನಗರದಲ್ಲಿರುವ ಶಿಕ್ಷಕಿ. ಔರಾದ್ ತಾಲ್ಲೂಕಿನ ಶಾಲೆಗೆ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಕತ್ತಲಿರುವಾಗಲೇ ಹೊರಡಬೇಕು. ನಗರದಲ್ಲಿ ಎಲ್ಲ ನಿಚ್ಚಳ. ಜನವಾಡ ದಾಟಿ ಮಾಂಜ್ರಾ ಸೇತುವೆ ಹತ್ತಿರವಾದಂತೆ ಒಮ್ಮೆಲೇ ಮಂಜು ಮುತ್ತಿಕೊಳ್ಳುತ್ತದೆ. ಗಾಬರಿಯಾಗಿ ಅಪ್ಪರ್ ಹಾಕಿದರೆ ಇದ್ದದ್ದೂ ಕಾಣದಂತಾಗುತ್ತದೆ. ಫಾಗ್ ಲೈಟ್ ಹಾಕಿದರೆ ದಂಡ ಬೀಳುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು?

ಉತ್ತರ: ಕಣ್ಣೆದುರಿನ ರಸ್ತೆ ಇದ್ದಕ್ಕಿದ್ದಂತೆ ಮರೆಯಾದರೆ ಹತ್ತಾರು ವರ್ಷ ಓಡಿಸಿದವರಿಗೂ ಎದೆ ಝಲ್ಲೆನ್ನುತ್ತದೆ. ನಿಮಗೆ ಗಾಬರಿಯಾದದ್ದರಲ್ಲಿ ಏನೂ ತಪ್ಪಿಲ್ಲ. ದಂಡದ ಚಿಂತೆಯನ್ನು ಮೊದಲು ಬಿಡಿ. ಕಾರು ತಯಾರಿಸಿದವರೇ ಕೂರಿಸಿಕೊಟ್ಟ ಫಾಗ್ ಲೈಟನ್ನು ಮಂಜು ಕವಿದಾಗ ಹಾಕುವುದು ಅಪರಾಧವಲ್ಲ. ಅದನ್ನು ಕೊಟ್ಟಿರುವುದೇ ಆ ಹೊತ್ತಿಗಾಗಿ.

ನಗರದಲ್ಲಿ ಇಲ್ಲದ ಮಂಜು ಹೊಳೆಯ ಹತ್ತಿರ ಏಕೆ ಎಂಬುದು ಗೊತ್ತಾದರೆ ಭಯ ಅರ್ಧ ಇಳಿಯುತ್ತದೆ. ಬೀದರ್ ನಗರ ಇರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ, ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿ. ಮಾಂಜ್ರಾ ಹರಿಯುವುದು ಅದಕ್ಕಿಂತ ಕೆಳಗಿನ ತಗ್ಗಿನಲ್ಲಿ. ಮೋಡವೂ ಗಾಳಿಯೂ ಇಲ್ಲದ ಚಳಿಗಾಲದ ರಾತ್ರಿ ನೆಲ ತನ್ನ ಕಾವನ್ನು ಬಿಟ್ಟುಕೊಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಭಾರವಾಗಿ, ತಗ್ಗಿಗೆ ಇಳಿದು ನಿಲ್ಲುತ್ತದೆ. ಹೊಳೆಯ ತೇವ, ನೀರು ಹಾಯಿಸಿದ ಕಬ್ಬಿನ ಹೊಲಗಳ ತೇವ ಅದರಲ್ಲಿ ಸಣ್ಣ ಹನಿಗಳಾಗುತ್ತವೆ. ಕಬ್ಬಿನ ರವದಿ ಸುಟ್ಟ ಹೊಗೆ ಸೇರಿಕೊಂಡರೆ ಇನ್ನೂ ದಟ್ಟ. ಬೆಳಕು ಹರಿಯುವ ಆಸುಪಾಸಿನಲ್ಲಿ ಇದು ಅತಿ ಹೆಚ್ಚಾಗಿದ್ದು, ಬಿಸಿಲು ಏರಿದಂತೆ ಕರಗುತ್ತದೆ.

ಹಾಗಾಗಿ ಮಂಜು ನಿಮಗೆ ಎಲ್ಲಿ ಸಿಗುತ್ತದೆ ಎಂಬುದು ಹೆಚ್ಚುಕಡಿಮೆ ಮೊದಲೇ ಗೊತ್ತಿರುತ್ತದೆ. ಹೊಳೆಯ ಕಡೆಗಿನ ಇಳಿಜಾರು, ಸೇತುವೆಯ ಎರಡೂ ಬದಿ, ಹಳ್ಳ ದಾಟುವ ಜಾಗ. ಇಳಿಜಾರು ಶುರುವಾಗುವ ಮೊದಲೇ ವೇಗ ಇಳಿಸಿಕೊಳ್ಳಿ. ಮಂಜಿನೊಳಗೆ ಹೊಕ್ಕ ಮೇಲೆ ಗಕ್ಕನೆ ಬ್ರೇಕ್ ಒತ್ತಿದರೆ ಹಿಂದೆ ಬರುವವರಿಗೆ ನೀವು ಕಾಣುವುದಿಲ್ಲ.

ಈಗ ದೀಪದ ಮಾತು. ಅಪ್ಪರ್ (ದೂರಕ್ಕೆ ಬೀಳುವ ಮೇಲ್ಬೆಳಕು) ನೇರವಾಗಿ ಮುಂದಕ್ಕೆ ಹೋಗಿ ಮಂಜಿನ ಹನಿಗಳಿಗೆ ಬಡಿಯುತ್ತದೆ. ಕೋಟಿಗಟ್ಟಲೆ ಹನಿಗಳಿಂದ ಆ ಬೆಳಕಿನ ಒಂದು ಪಾಲು ನಿಮ್ಮ ಕಣ್ಣಿಗೇ ಮರಳುತ್ತದೆ. ಮುಖದ ಮುಂದೆ ಬಿಳಿ ಪರದೆ ಎಳೆದಂತೆ ನಿಮಗೆ ತೋರಿದ್ದು ಇದರಿಂದ. ಡಿಪ್ಪರ್ (ಕೆಳಗೆ ಬಾಗಿದ ಬೆಳಕು) ಹಾಕಿದರೆ ಹೀಗೆ ಮರಳುವ ಬೆಳಕು ಕಡಿಮೆ. ಫಾಗ್ ಲೈಟ್ ಇನ್ನೂ ಕೆಳಗೆ, ಬಂಪರಿನ ಮಟ್ಟದಲ್ಲಿರುತ್ತದೆ. ಅದರ ಬೆಳಕು ಅಗಲವಾಗಿ, ಚಪ್ಪಟೆಯಾಗಿ, ಮೇಲಂಚು ಕತ್ತರಿಸಿದಂತೆ ನೆಲಕ್ಕೆ ಹತ್ತಿ ಹರಡುತ್ತದೆ. ಮಂಜನ್ನು ಅದು ಸೀಳುವುದಿಲ್ಲ. ನಿಮಗೆ ಹತ್ತಿರವಿರುವ ರಸ್ತೆಯ ಅಂಚು, ಬಿಳಿಗೆರೆ, ಗುಂಡಿ ಇಷ್ಟನ್ನು ತೋರಿಸುತ್ತದೆ. ಆದ್ದರಿಂದ ಮಂಜಿನಲ್ಲಿ ಡಿಪ್ಪರ್ ಹಾಕಿ, ಜೊತೆಗೆ ಫಾಗ್ ಲೈಟ್ ಹಾಕಿ. ಅಪ್ಪರ್ ಬೇಡವೇ ಬೇಡ.

ಯಾವಾಗ ಹಾಕಬೇಕು ಎಂಬುದಕ್ಕೆ ರಸ್ತೆ ಬದಿಯ ವಿದ್ಯುತ್ ಕಂಬಗಳನ್ನೇ ಅಳತೆ ಮಾಡಿಕೊಳ್ಳಿ. ಒಂದರಿಂದ ಇನ್ನೊಂದಕ್ಕೆ ಸುಮಾರು 50 ಮೀಟರ್ ಅಂತರ ಇರುತ್ತದೆ. ಮುಂದಿನ ಎರಡನೇ ಕಂಬ ಕಾಣದಾದರೆ, ಅಂದರೆ ನೋಟ 100 ಮೀಟರಿಗಿಂತ ಕುಗ್ಗಿದರೆ, ಫಾಗ್ ಲೈಟ್ ಹಾಕುವ ಹೊತ್ತು ಬಂತು. ಬ್ರಿಟನ್ನಿನ ಚಾಲಕರಿಗೆ ಅಲ್ಲಿನ ರಸ್ತೆ ನಿಯಮ ಹೇಳಿಕೊಡುವ ಮಿತಿಯೂ 100 ಮೀಟರೇ. ಜೋರು ಮಳೆಯಲ್ಲಿ, ದೂಳೆದ್ದಾಗ, ಹೊಗೆ ಅಡ್ಡ ಬಂದಾಗಲೂ ಇದೇ ಲೆಕ್ಕ. ಎರಡನೇ ಕಂಬ ಮತ್ತೆ ಕಾಣತೊಡಗಿದರೆ ತಕ್ಷಣ ಆರಿಸಿ.

ಆರಿಸುವುದನ್ನು ಬಹಳ ಜನ ಮರೆಯುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ನಿಚ್ಚಳ ರಾತ್ರಿಯಲ್ಲಿ ಫಾಗ್ ಲೈಟ್ ಉರಿಯುತ್ತಿದ್ದರೆ ಎದುರಿನವರ ಕಣ್ಣಿಗೆ ತೊಂದರೆ ಎಂಬುದು ಒಂದು ಮಾತು. ಒದ್ದೆ ರಸ್ತೆಯಲ್ಲಂತೂ ಆ ಬೆಳಕು ನೆಲದಿಂದ ಚಿಮ್ಮಿ ಅವರ ಮುಖಕ್ಕೇ ಹೋಗುತ್ತದೆ. ನಿಮಗೂ ನಷ್ಟವಿದೆ. ಕಾರಿನ ಮೂತಿಯ ಮುಂದಿನ ನೆಲ ಬೆಳ್ಳಗೆ ಹೊಳೆದರೆ ಕಣ್ಣಿನ ಪಾಪೆ ಕುಗ್ಗುತ್ತದೆ, ದೂರದ ಕತ್ತಲು ಇನ್ನೂ ಕತ್ತಲಾಗುತ್ತದೆ. ಬೆಳಕು ಹೆಚ್ಚಾಯಿತು ಎಂದು ಮನಸ್ಸಿಗೆ ಧೈರ್ಯ ಬರುತ್ತದೆ, ಕಾಲು ಆಕ್ಸಿಲರೇಟರ್ ಒತ್ತುತ್ತದೆ, ಅಡ್ಡ ಬಂದ ಎಮ್ಮೆ ಮಾತ್ರ ತಡವಾಗಿ ಕಾಣುತ್ತದೆ.

ಇನ್ನು ವೇಗ. ಇಬ್ಬನಿಯಿಂದ ಒದ್ದೆಯಾದ ರಸ್ತೆಯಲ್ಲಿ ಅಡ್ಡಿ ಕಂಡು, ಬ್ರೇಕ್ ಒತ್ತಿ, ಕಾರು ನಿಲ್ಲುವಷ್ಟರಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 32 ಮೀಟರ್ ಸಾಗಿರುತ್ತೀರಿ. 60ರಲ್ಲಿ ಸುಮಾರು 60 ಮೀಟರ್, 80ರಲ್ಲಿ 95 ಮೀಟರ್ ಬೇಕು. ಒಂದು ಕಂಬವಷ್ಟೇ ಕಾಣುವ ಮಂಜಿನಲ್ಲಿ 60 ಕೂಡ ಹೆಚ್ಚು ಎಂಬುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಮಂಜಿನೊಳಗೆ ವೇಗದ ಮುಳ್ಳನ್ನು ನೋಡುತ್ತ ಕೂರಲಾಗದು. ಅದಕ್ಕೆ ಹೀಗೆ ಮಾಡಿ: ಮಂಜಿನಿಂದ ಒಂದು ಮರ ಮೂಡಿದ ಕ್ಷಣದಿಂದ ನಿಧಾನವಾಗಿ, ಸೆಕೆಂಡಿಗೆ ಒಂದರಂತೆ, ನಾಲ್ಕರವರೆಗೆ ಎಣಿಸಿ. ಎಣಿಸಿ ಮುಗಿಯುವ ಮೊದಲೇ ಮರ ನಿಮ್ಮ ಪಕ್ಕಕ್ಕೆ ಬಂದರೆ ವೇಗ ಇಳಿಸಿ.

ತೀರಾ ಕಾಣದಿದ್ದರೆ ಶಾಲೆಗೆ ತಡವಾಗಲಿ. ಹೊರಡುವ ಮುನ್ನ ಸಂತಪುರ ಕಡೆಯ ಸಹೋದ್ಯೋಗಿಗೆ ಫೋನ್ ಮಾಡಿ ಮಂಜು ಹೇಗಿದೆ ಎಂದು ಕೇಳಿಕೊಳ್ಳುವುದು ಒಳ್ಳೆಯ ರೂಢಿ.

ಪ್ರಶ್ನೆ: ನಾನು ಬೀದರ್ ನಗರದವನು. ನನ್ನ ಜೀಪಿನ ಮಾಳಿಗೆ ಮೇಲೆ ಎಲ್‌ಇಡಿ ಬಾರ್, ಬಂಪರಿಗೆ ಎರಡು ಬಿಳಿ ಫಾಗ್ ಲೈಟ್ ಹಾಕಿಸಿದ್ದೇನೆ. ರಾತ್ರಿ ಹುಮನಾಬಾದ್ ಕಡೆ ಹೋಗುವಾಗ ಪೊಲೀಸರು ತಡೆದು ತೆಗೆಸಲು ಹೇಳಿದರು. ಅಂಗಡಿಯವರು ‘ಫಾಗ್ ಲೈಟಿಗೆ ಯಾವ ನಿರ್ಬಂಧವೂ ಇಲ್ಲ’ ಎಂದಿದ್ದರು. ಯಾರ ಮಾತು ಸರಿ? ಹಳದಿ ದೀಪ ಹಾಕಿಸಿಕೊಂಡರೆ ನಡೆಯುತ್ತದೆಯೇ?

ಉತ್ತರ: ನೀವು ಹಣ ಕೊಟ್ಟು ಹಾಕಿಸಿದ್ದನ್ನು ತೆಗೆಯಿರಿ ಎಂದರೆ ಬೇಸರವಾಗುವುದು ಸಹಜ. ಕತ್ತಲ ರಸ್ತೆಯಲ್ಲಿ ಚೆನ್ನಾಗಿ ಕಾಣಲಿ ಎಂಬ ನಿಮ್ಮ ಉದ್ದೇಶವೂ ಒಳ್ಳೆಯದೇ. ಆದರೆ ಪೊಲೀಸರು ಹೇಳಿದ್ದು ಸರಿ.

ಮಾಳಿಗೆ ಮೇಲಿನ ಬಾರ್ ಫಾಗ್ ಲೈಟ್ ಅಲ್ಲ. ಅದು ಸ್ಪಾಟ್ ಲೈಟ್, ಸರ್ಚ್ ಲೈಟ್ (ಒಂದೇ ಕಡೆಗೆ ಬಲವಾಗಿ ಬೆಳಕು ಎಸೆಯುವ ದೀಪ) ಜಾತಿಯದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 111ನೇ ನಿಯಮದಂತೆ ಅಂಥ ದೀಪವನ್ನು ವಾಹನದ ಮುಂದೆ ಕೂರಿಸುವಂತಿಲ್ಲ. ವಿಶೇಷ ಸಂದರ್ಭಗಳಿಗೆ ನೋಂದಣಿ ಅಧಿಕಾರಿಯ ಅನುಮತಿಯನ್ನು ಮೊದಲೇ ಪಡೆದಿರಬೇಕು. 106ನೇ ನಿಯಮ ಇನ್ನೂ ಸ್ಪಷ್ಟ: ದೀಪದಿಂದ 8 ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನನ್ನು ಬೆಳಕು ಕೋರೈಸಬಾರದು, ಹಾಗೆ ಅದು ಕೆಳಕ್ಕೆ ಬಾಗಿರಬೇಕು. ಒಂದೂವರೆ ಮೀಟರ್ ಎಂದರೆ ರಸ್ತೆಯಲ್ಲಿ ನಡೆದು ಬರುವವರ ಕಣ್ಣಿನ ಮಟ್ಟ. ನಿಮ್ಮ ಬಾರ್ ಇರುವುದೇ ಅದಕ್ಕಿಂತ ಮೇಲೆ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನವನ್ನು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿ ಇದಕ್ಕೆ ಪ್ರತಿ ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆಯನ್ನು ಸೇರಿಸಿದೆ. ನಮ್ಮ ರಾಜ್ಯದಲ್ಲಿ 2024ರ ಜುಲೈನಿಂದ, ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಹೊಣೆ ಹೊತ್ತಿದ್ದ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ ಅಲೋಕ್ ಕುಮಾರ್ ಅವರ ಸೂಚನೆಯಂತೆ, ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 177ನೇ ಕಲಂ ಅಡಿಯಲ್ಲಿ ಪ್ರಕರಣ ದಾಖಲಿಸುವ ಕೆಲಸ ಎಲ್ಲ ಜಿಲ್ಲೆಗಳಲ್ಲೂ ಶುರುವಾಯಿತು. ನಿಮ್ಮನ್ನು ತಡೆದದ್ದಕ್ಕೆ ಈ ಹಿನ್ನೆಲೆ ಇದೆ.

ಬಂಪರಿನ ದೀಪಗಳ ಮಾತು ಬೇರೆ. ನಿಮ್ಮ ಮಾದರಿಯ ಜೀಪಿಗೆ ಕಂಪನಿಯೇ ಫಾಗ್ ಲೈಟ್ ಕೊಡುತ್ತಿದ್ದರೆ, ಅದೇ ದೀಪವನ್ನು ಅದಕ್ಕೆಂದು ಬಿಟ್ಟ ಜಾಗದಲ್ಲಿ ಕಂಪನಿಯ ಸರ್ವೀಸ್ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಕಾರು–ಜೀಪುಗಳಲ್ಲಿ ಈ ದೀಪ ನೆಲದಿಂದ 25 ಸೆಂಟಿಮೀಟರಿಗಿಂತ ಕೆಳಗೂ 80 ಸೆಂಟಿಮೀಟರಿಗಿಂತ ಮೇಲೂ ಇರಬಾರದು ಎಂಬುದು ತಯಾರಿಕೆಯ ಮಾನದಂಡ. ಎರಡೂ ಒಂದೇ ಎತ್ತರ, ಒಂದೇ ಬಣ್ಣ. ಅನುಮಾನವಿದ್ದರೆ ಬೀದರಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಾಹನ ತೋರಿಸಿ ಕೇಳಿ.

ಬಿಳಿ, ಹಳದಿ ಎರಡಕ್ಕೂ ಅವಕಾಶವಿದೆ. ಹಳದಿ ಬೆಳಕು ಮಂಜನ್ನು ಹೆಚ್ಚು ತೂರಿಕೊಂಡು ಹೋಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಫ್ರಾನ್ಸಿನಲ್ಲಿ 1993ರವರೆಗೂ ವಾಹನಗಳ ಮುಂದಿನ ದೀಪ ಹಳದಿಯೇ ಇರಬೇಕಿತ್ತು. ಆದರೆ ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದಾದ್ದರಿಂದ ಅದು ಎಲ್ಲ ಬಣ್ಣವನ್ನೂ ಒಂದೇ ರೀತಿ ಚದುರಿಸುತ್ತದೆ. ಹಳದಿಯಲ್ಲಿ ನೀಲಿಯ ಅಂಶ ಇಲ್ಲದಿರುವುದರಿಂದ ಕೆಲವರ ಕಣ್ಣಿಗೆ ಹಿತ ಎನ್ನಿಸುತ್ತದೆ, ಅಷ್ಟೇ ಲಾಭ. ದೀಪದ ಎತ್ತರ ಮತ್ತು ಬಾಗು ಸರಿಯಿದ್ದರೆ ಬಿಳಿಯೂ ಸಾಕು.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಹೊರಗಡೆ ಹಾಕಿಸಿದ ದೀಪಕ್ಕೆ ಹೆಡ್‌ಲೈಟಿನ ವೈರನ್ನೇ ಕೊಯ್ದು ಜೋಡಿಸಿ, ಫ್ಯೂಸ್ ಇಲ್ಲದೆ, ರಿಲೇ (ಹೆಚ್ಚು ವಿದ್ಯುತ್ತನ್ನು ಬೇರೆ ದಾರಿಯಿಂದ ಹಾಯಿಸುವ ಸ್ವಿಚ್ಚು) ಇಲ್ಲದೆ ಬಿಟ್ಟಿದ್ದರೆ ವೈರು ಕಾದು ಬೆಂಕಿ ಹತ್ತಬಹುದು. ದೀಪ ತೆಗೆಸುವಾಗ ಆ ಜೋಡಣೆಯನ್ನೂ ಪೂರ್ತಿ ತೆಗೆಸಿ.

ಪ್ರಶ್ನೆ: ನಾವು ಭಾಲ್ಕಿ ತಾಲ್ಲೂಕಿನ ರೈತರು. ಸ್ವಂತ ಟ್ರ್ಯಾಕ್ಟರಿಗೆ ಎರಡು ಟ್ರಾಲಿ ಕಟ್ಟಿ ಹುಣಜಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಒಯ್ಯುತ್ತೇವೆ. ಸರದಿ ರಾತ್ರಿಯೇ ಬರುವುದು ಹೆಚ್ಚು. ಹಿಂದಿನಿಂದ ಯಾರಾದರೂ ಬಂದು ಗುದ್ದಿಯಾರು ಎಂದು ನನ್ನ ತಮ್ಮ ನಿದ್ದೆಗೆಡುತ್ತಾನೆ. ಹಿಂದೆ ಬರುವವರಿಗೆ ಕಾಣಲೆಂದು ಹೊಲ ಉಳುವಾಗ ಹಾಕುವ ಹಿಂದಿನ ಬಿಳಿ ದೀಪವನ್ನು ರಸ್ತೆಯಲ್ಲೂ ಹಾಕಿಕೊಂಡು ಹೋಗುತ್ತೇವೆ. ಟ್ರಾಲಿಗೆ ಕೆಂಪು ಫಾಗ್ ಲೈಟ್ ಕೂರಿಸಬಹುದೇ?

ಉತ್ತರ: ನಿಮ್ಮ ತಮ್ಮನಿಗೆ ಮೊದಲು ಹೇಳಿ, ಅವರು ಹೆದರುತ್ತಿರುವುದು ಸರಿಯಾದದ್ದಕ್ಕೇ. ಈ ಸೀಮೆಯ ರಾತ್ರಿ ರಸ್ತೆಯಲ್ಲಿ ನಾನು ಅತಿ ಹೆಚ್ಚು ಹೆದರುವುದೂ ಬೆಳಕಿಲ್ಲದ ಕಬ್ಬಿನ ಟ್ರಾಲಿಗೇ. ಕಬ್ಬಿನ ಹೊರೆಯ ಬಣ್ಣ ಕತ್ತಲಲ್ಲಿ ಕತ್ತಲೇ ಆಗಿಬಿಡುತ್ತದೆ. ಟ್ರ್ಯಾಕ್ಟರ್ ಗಂಟೆಗೆ 15–20 ಕಿ.ಮೀ. ಹೋಗುತ್ತಿದ್ದರೆ ಹಿಂದಿನ ಕಾರು 80ರಲ್ಲಿ ಬರುತ್ತಿರುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರಿನಂತೆ ಅಂತರ ಕರಗುತ್ತದೆ. ಐವತ್ತು ಮೀಟರಿನಲ್ಲಿ ನಿಮ್ಮನ್ನು ಕಂಡವನಿಗೆ ಮೂರೇ ಸೆಕೆಂಡು.

ಹಿಂದಿನ ಬಿಳಿ ದೀಪವನ್ನು ಇಂದೇ ನಿಲ್ಲಿಸಿ. ಒಳ್ಳೆಯದಾಗಲಿ ಎಂದೇ ನೀವು ಹಾಕುತ್ತಿರುವುದು, ಆದರೆ ಅದರಿಂದ ಎರಡು ಕೇಡು. ಹಿಂದೆ ಬರುವವನ ಕಣ್ಣಿಗೆ ಅದು ನೇರ ಹೊಡೆಯುತ್ತದೆ. ಜೊತೆಗೆ, ಬಿಳಿ ಬೆಳಕು ಕಂಡವನು ಎದುರಿನಿಂದ ವಾಹನ ಬರುತ್ತಿದೆ ಎಂದುಕೊಳ್ಳುತ್ತಾನೆ. ತಾನು ಹಿಂದಿನಿಂದ ಸಮೀಪಿಸುತ್ತಿದ್ದೇನೆ ಎಂಬುದು ಅವನಿಗೆ ಹೊಳೆಯುವುದೇ ಇಲ್ಲ. ಹಿಂದಕ್ಕೆ ತೋರುವ ದೀಪ ಕೆಂಪೇ ಆಗಿರಬೇಕು ಎಂದು ನಿಯಮ ಇರುವುದು ಇದಕ್ಕಾಗಿ. ರಿವರ್ಸ್ ಲೈಟ್, ಇಂಡಿಕೇಟರ್, ನಂಬರ್ ಪ್ಲೇಟಿನ ದೀಪಗಳಂಥ ಕೆಲವಕ್ಕೆ ವಿನಾಯಿತಿ. ಉಳುಮೆಯ ದೀಪ ಹೊಲಕ್ಕೇ ಇರಲಿ.

ಹಿಂದಿನ ಫಾಗ್ ಲೈಟ್ ಸಾಮಾನ್ಯ ಕೆಂಪು ದೀಪಕ್ಕಿಂತ ಎಷ್ಟೋ ಪಟ್ಟು ಪ್ರಖರ. ಕಾರುಗಳಲ್ಲಿ ಅದಕ್ಕೆ ಬೇರೆ ಸ್ವಿಚ್ಚಿದ್ದು, ಮಂಜಿಲ್ಲದಾಗ ಆರಿಸಬೇಕು. ಉರಿಯುತ್ತಲೇ ಇದ್ದರೆ ಹಿಂದಿನವನಿಗೆ ನೀವು ಬ್ರೇಕ್ ಒತ್ತಿದ್ದು ತಿಳಿಯುವುದಿಲ್ಲ. ಎರಡನೇ ಟ್ರಾಲಿಯ ತುದಿಯಲ್ಲಿ ಕೂರಿಸಿದ ಅಂಥ ದೀಪವನ್ನು ನೀವು ಆಗಾಗ ಹಾಕಿ ಆರಿಸುವುದು ಆಗದ ಮಾತು. ನಿಮಗೆ ಬೇಕಾಗಿರುವುದು ಅದಕ್ಕಿಂತ ಸರಳವಾದದ್ದು.

ಕೊನೆಯ ಟ್ರಾಲಿಯ ಹಿಂದೆ, ಎಡಕ್ಕೊಂದು ಬಲಕ್ಕೊಂದು, ಕೆಲಸ ಮಾಡುವ ಕೆಂಪು ದೀಪ ಇರಲಿ. ಅದಕ್ಕೆ ಟ್ರ್ಯಾಕ್ಟರಿನಿಂದ ವೈರು ಎಳೆದು ಪ್ಲಗ್ ಹಾಕಿಸಿ. ಅದರ ಜೊತೆಗೆ ಕೆಂಪು ರಿಫ್ಲೆಕ್ಟರ್ (ಬೆಳಕು ಬಿದ್ದಾಗ ಹೊಳೆಯುವ ಬಿಲ್ಲೆ) ಎರಡೂ ತುದಿಗೆ. ಟ್ರಾಲಿಗೂ ಇದು ಕಡ್ಡಾಯ, 104ನೇ ನಿಯಮದಲ್ಲಿ ಹೇಳಿದೆ. ನೀವೆಲ್ಲ ರೇಡಿಯಂ ಎನ್ನುವ ಹೊಳೆಯುವ ಪಟ್ಟಿಯನ್ನು ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಬಣ್ಣದ್ದು ಅಂಟಿಸಿ. ಬಲ್ಬು ಸುಟ್ಟರೂ ವೈರು ಹರಿದರೂ ಪಟ್ಟಿ ಹೊಳೆಯುತ್ತದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಹೆಚ್ಚು.

ಪಟ್ಟಿಯನ್ನು ಎಲ್ಲಿ ಅಂಟಿಸುತ್ತೀರಿ ಎಂಬುದು ಮುಖ್ಯ. ಟ್ರಾಲಿಯ ಹಲಗೆಗೆ ಅಂಟಿಸಿದ ಪಟ್ಟಿ ಕಬ್ಬು ಹೇರಿದ ಮೇಲೆ ಸೋಗೆಯ ಮರೆಗೆ ಹೋಗುತ್ತದೆ. ಹೊರೆ ಹೇರಿ ಮುಗಿದ ಮೇಲೆ ಹಿಂದಕ್ಕೆ ಇಪ್ಪತ್ತು ಹೆಜ್ಜೆ ನಡೆದು ಹೋಗಿ ಬ್ಯಾಟರಿ (ಕೈದೀಪ) ಬಿಟ್ಟು ನೋಡಿ. ಹೊಳೆಯದಿದ್ದರೆ, ರೇಡಿಯಂ ಅಂಟಿಸಿದ ಒಂದು ಹಲಗೆಯನ್ನೋ ದಪ್ಪ ಬಟ್ಟೆಯನ್ನೋ ಹೊರೆಯ ಹೊರಗೆ, ಹಗ್ಗಕ್ಕೆ ಬಿಗಿಯಾಗಿ ಕಟ್ಟಿ. ಅದರ ಮೇಲಿನ ದೂಳನ್ನು ಪ್ರತಿ ಸಾರಿ ಒರೆಸಿ. ಟ್ರ್ಯಾಕ್ಟರಿನ ಮುಂದಿನ ಎರಡೂ ಹೆಡ್‌ಲೈಟ್ ಉರಿಯಲೇಬೇಕು. ಒಂದೇ ಉರಿಯುತ್ತಿದ್ದರೆ ಎದುರಿನವನು ಬೈಕ್ ಎಂದು ತಿಳಿದು ನಿಮ್ಮ ಕಡೆಗೇ ಸರಿಯುತ್ತಾನೆ.

ಅತಿ ಅಪಾಯದ ಹೊತ್ತು ಟ್ರ್ಯಾಕ್ಟರ್ ಕೆಟ್ಟು ನಿಂತಾಗ. ಡಾಂಬರಿನ ಮೇಲೆ ಬಿಟ್ಟು ಮನೆಗೆ ಹೋಗುವುದು, ಸುತ್ತ ಕಲ್ಲಿಟ್ಟು ಹೊರಡುವುದು, ಇವೆರಡೂ ಬೇಡ. ವಾಹನವನ್ನು ಇತರರಿಗೆ ಅಪಾಯವಾಗುವಂತೆ ನಿಲ್ಲಿಸುವುದು 122ನೇ ಕಲಂ ಪ್ರಕಾರ ಅಪರಾಧ. ಕಾರ್ಖಾನೆಯಲ್ಲಿ ಸಾಲು ಉದ್ದವಾಗಿ ಹೆದ್ದಾರಿಗೆ ಬಂದಾಗಲೂ ಇದೇ ಮಾತು. ಒಬ್ಬರು ಹಿಂದೆ ದೂರದಲ್ಲಿ, ರಸ್ತೆಯಿಂದ ಕೆಳಗಿಳಿದು, ಕೆಂಪು ಬೆಳಕು ಆಡಿಸುತ್ತ ನಿಲ್ಲಲಿ. ಇನ್ನೊಬ್ಬರು ಸಹಾಯಕ್ಕೆ ಫೋನ್ ಮಾಡಲಿ. ತುರ್ತಿಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033.

ದಟ್ಟ ಮಂಜಿದ್ದ ರಾತ್ರಿ ಸರದಿ ತಪ್ಪಿದರೆ ಕಬ್ಬಿನ ತೂಕ ಇಳಿಯುತ್ತದೆ ಎಂಬ ನಿಮ್ಮ ಕಷ್ಟ ನನಗೆ ಗೊತ್ತು. ಹತ್ತು ಜನ ರೈತರು ಸೇರಿ ಕಾರ್ಖಾನೆಯ ಕೃಷಿ ವಿಭಾಗದವರ ಹತ್ತಿರ, ಮಂಜಿನ ದಿನ ಸರದಿಯನ್ನು ಬಿಸಿಲೇರುವವರೆಗೆ ಹಿಡಿದಿಡಿ ಎಂದು ಕೇಳಬಹುದು. ಕೇಳಿನೋಡಿ.

ಪ್ರಶ್ನೆ: ಹೈದರಾಬಾದಿನಿಂದ ಹಳೆ ಕಾರು ಕೊಂಡಿದ್ದೇನೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪದ ಗುರುತೊಂದು ಸದಾ ಉರಿಯುತ್ತದೆ. ಎಂಜಿನ್ ಕೆಟ್ಟಿದೆಯೋ ಎಂಬ ಆತಂಕ. (ಬೀದರ್)

ಉತ್ತರ: ನೀವು ಬರೆದು ಕಳಿಸಿದ ಚಿತ್ರ ನೋಡಿದರೆ ಎಂಜಿನ್ನಿಗೆ ಏನೂ ಆಗಿಲ್ಲ, ಚಿಂತೆ ಬಿಡಿ. ದೀಪದ ಆಕಾರ, ಬಲಕ್ಕೆ ಹೋಗುವ ನೇರ ಗೆರೆಗಳು, ಅವನ್ನು ಕತ್ತರಿಸುವ ಅಲೆಯಂಥ ಗೆರೆ, ಬಣ್ಣ ಹಳದಿ: ಇದು ಹಿಂದಿನ ಫಾಗ್ ಲೈಟ್ ಉರಿಯುತ್ತಿದೆ ಎಂಬ ಗುರುತು. ಹಸಿರು ಬಣ್ಣದಲ್ಲಿ, ಎಡಕ್ಕೆ ಕೆಳಮುಖವಾಗಿ ಇಳಿಯುವ ಗೆರೆಗಳಿದ್ದರೆ ಮುಂದಿನದು. ಹಿಂದಿನ ಮಾಲೀಕರು ಹಾಕಿಟ್ಟದ್ದು ಹಾಗೇ ಉಳಿದಿರಬೇಕು. ಆರಿಸಿ. ನಿಮ್ಮ ಹಿಂದೆ ಬರುತ್ತಿದ್ದವರು ಇಷ್ಟು ದಿನ ಕಣ್ಣು ಕಿರಿದು ಮಾಡಿಕೊಂಡು ಓಡಿಸಿರುತ್ತಾರೆ. ಜರ್ಮನಿಯಲ್ಲಿ ನೋಟ 50 ಮೀಟರಿಗಿಂತ ಕುಗ್ಗಿದಾಗ ಮಾತ್ರ ಹಿಂದಿನ ಫಾಗ್ ಲೈಟ್ ಹಾಕಬಹುದು ಎಂಬ ಕಟ್ಟಳೆ ಇದೆ. ಒಂದೇ ಕಂಬದ ಅಳತೆ ಅದು, ನೀವೂ ಅದನ್ನೇ ಇಟ್ಟುಕೊಳ್ಳಬಹುದು.

ಪ್ರಶ್ನೆ: ನನಗೆ 63 ವರ್ಷ. ಔರಾದಿನಲ್ಲಿ ಕಿರಾಣಿ ಅಂಗಡಿ ಇದೆ. ಮಾಲು ತರಲು ಬೀದರಿಗೆ ಹೋಗಿ ರಾತ್ರಿ ಮರಳುತ್ತೇನೆ. ಎದುರಿನ ಗಾಡಿಯ ಬೆಳಕು ಬಿದ್ದ ಮೇಲೆ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಮಗ ಫಾಗ್ ಲೈಟ್ ಹಾಕಿಕೊಂಡು ಓಡಿಸು ಅನ್ನುತ್ತಾನೆ. ರಾತ್ರಿಗೆಂದು ಹಳದಿ ಕನ್ನಡಕವನ್ನೂ ತಂದುಕೊಟ್ಟಿದ್ದಾನೆ.

ಉತ್ತರ: ಇದನ್ನು ಮುಚ್ಚಿಡದೆ ಬರೆದಿದ್ದೀರಿ, ಅದು ದೊಡ್ಡ ಮಾತು. ನಿಮ್ಮ ವಯಸ್ಸಿನ ಬಹಳ ಜನ ಇದನ್ನು ಮನೆಯಲ್ಲೂ ಹೇಳುವುದಿಲ್ಲ, ಗಾಡಿಯ ಕೀಲಿ ಕಸಿದುಕೊಂಡಾರು ಎಂಬ ಅಂಜಿಕೆ.

ವಯಸ್ಸಾದಂತೆ ಕಣ್ಣಿನ ಪಾಪೆ ಕತ್ತಲಲ್ಲಿ ಮೊದಲಿನಷ್ಟು ಅಗಲವಾಗುವುದಿಲ್ಲ. ಕಣ್ಣೊಳಗಿನ ಮಸೂರ (ಬೆಳಕನ್ನು ಕೂಡಿಸುವ ಪಾರದರ್ಶಕ ಭಾಗ) ಮಬ್ಬಾಗತೊಡಗಿದ್ದರೆ, ಅಂದರೆ ಮೋತಿಬಿಂದು ಶುರುವಾಗಿದ್ದರೆ, ಎದುರಿನ ಬೆಳಕು ಅಲ್ಲೇ ಚದುರಿ ಕಣ್ಣೆಲ್ಲ ತುಂಬುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅಕ್ಷಿಪಟಲಕ್ಕೂ (ಚಿತ್ರ ಮೂಡುವ ಹಿಂಬದಿಯ ಪೊರೆ) ಹಾನಿ ಆಗಿರಬಹುದು. ಫಾಗ್ ಲೈಟ್ ಇದಕ್ಕೆ ಮದ್ದಲ್ಲ. ನಿಚ್ಚಳ ರಾತ್ರಿ ಅದನ್ನು ಹಾಕಿದರೆ ದೂರ ಇನ್ನೂ ಕಪ್ಪಾಗುತ್ತದೆ. ಹಳದಿ ಕನ್ನಡಕವೂ ಕಣ್ಣಿಗೆ ಬರುವ ಬೆಳಕನ್ನು ಕಡಿಮೆ ಮಾಡುತ್ತದೆ, ರಾತ್ರಿಯಲ್ಲಿ ಅದು ನಷ್ಟವೇ. ಮಗನ ಕಾಳಜಿಗೆ ಬೆಲೆ ಕೊಟ್ಟು, ಅವನನ್ನೇ ಜೊತೆಗೆ ಕರೆದುಕೊಂಡು ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೋ ನಿಮ್ಮ ನಂಬಿಕೆಯ ಕಣ್ಣಿನ ವೈದ್ಯರ ಬಳಿಗೋ ಈ ವಾರವೇ ಹೋಗಿ. ಮೋತಿಬಿಂದು ಆಗಿದ್ದರೆ ಶಸ್ತ್ರಚಿಕಿತ್ಸೆಯಿಂದ ನೋಟ ಮರಳುತ್ತದೆ, ಎಷ್ಟೋ ಜನ ಮತ್ತೆ ರಾತ್ರಿ ಗಾಡಿ ಓಡಿಸುತ್ತಾರೆ.

ಅಲ್ಲಿಯವರೆಗೆ ಹಗಲಲ್ಲೇ ಮಾಲು ತನ್ನಿ. ಅನಿವಾರ್ಯವಾಗಿ ಕತ್ತಲಾದರೆ, ಎದುರಿನ ದೀಪವನ್ನು ನೋಡದೆ ನಿಮ್ಮ ಎಡಗಡೆಯ ರಸ್ತೆಯಂಚಿನ ಮೇಲೆ ದೃಷ್ಟಿ ಇಟ್ಟು ವೇಗ ಇಳಿಸಿ. ಅವರು ಡಿಪ್ಪರ್ ಹಾಕಲಿಲ್ಲ ಎಂಬ ಸಿಟ್ಟಿಗೆ ನೀವೂ ಅಪ್ಪರ್ ಹಾಕಬೇಡಿ, ಇಬ್ಬರೂ ಕುರುಡಾದರೆ ರಸ್ತೆ ನೋಡುವವರೇ ಇರುವುದಿಲ್ಲ. ಮುಂದಿನ ಗಾಜಿನ ಒಳಬದಿಯಲ್ಲಿ ಕೂತ ಎಣ್ಣೆಯಂಥ ಪೊರೆಯನ್ನು ವಾರಕ್ಕೊಮ್ಮೆ ಒರೆಸಿ. ಆ ಪೊರೆಯೂ ಎದುರಿನ ಬೆಳಕನ್ನು ಹರಡುತ್ತಿರುತ್ತದೆ.

ಹಾಗೆಯೇ ಮನೆಯ ಗೋಡೆಯಿಂದ 8 ಮೀಟರ್ ದೂರ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ ಡಿಪ್ಪರ್ ಹಾಕಿ ನೋಡಿ. ಗೋಡೆಯ ಮೇಲೆ ಬೆಳಕಿನ ಮೇಲಂಚು ನಿಮ್ಮ ಹೆಡ್‌ಲೈಟಿನ ಎತ್ತರಕ್ಕಿಂತ ನಾಲ್ಕು ಬೆರಳಷ್ಟು ಕೆಳಗಿರಬೇಕು. ಮೇಲಿದ್ದರೆ ಮೆಕ್ಯಾನಿಕ್ಕಿನ ಹತ್ತಿರ ಸರಿಮಾಡಿಸಿ. ಹಿಂದೆ ಮಾಲಿನ ಭಾರ ಇದ್ದಾಗ ಮೂತಿ ಎತ್ತಿಕೊಂಡು ಬೆಳಕು ಮೇಲೇರುತ್ತದೆ, ಆದ್ದರಿಂದ ಮಾಲು ತುಂಬಿದಾಗಲೂ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಕಮಲನಗರದ ಕಡೆಯ ಹಳ್ಳಿಯಿಂದ ನಸುಕಿನಲ್ಲಿ ಬೈಕಿನ ಮೇಲೆ ಹಾಲು ಒಯ್ಯುತ್ತೇನೆ. ಬೈಕಿಗೆ ಫಾಗ್ ಲೈಟ್ ಇಲ್ಲ. ಹೆಡ್‌ಲೈಟಿಗೆ ಹಳದಿ ಕಾಗದ ಅಂಟಿಸಿದರೆ ಸಾಕೇ?

ಉತ್ತರ: ಕಾಗದ ಅಂಟಿಸಬೇಡಿ, ಇರುವ ಬೆಳಕೂ ಕಡಿಮೆಯಾಗುತ್ತದೆ. ನಿಮ್ಮ ಬೈಕಿನ ಡಿಪ್ಪರ್ ಸಾಕು, ಗಾಜು ಶುಭ್ರವಾಗಿದ್ದರೆ. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ಎಂಜಿನ್ ಚಾಲೂ ಆದ ಕೂಡಲೇ ಹೆಡ್‌ಲೈಟ್ ತಾನಾಗಿ ಹೊತ್ತಿಕೊಳ್ಳುತ್ತದೆ, ಬೇರೆಯವರಿಗೆ ಬೈಕ್ ಕಾಣಲಿ ಎಂದೇ ಆ ಏರ್ಪಾಟು. ನಿಮ್ಮದು ಹಳೆಯ ಬೈಕಾದರೆ ನೀವೇ ಹಾಕಿಕೊಳ್ಳಿ.

ನಿಮಗೆ ರಸ್ತೆ ಕಾಣುವುದಕ್ಕಿಂತಲೂ ನೀವು ಲಾರಿಯವರಿಗೆ ಕಾಣುವುದು ಮುಖ್ಯ. ಹಾಲಿನ ಕ್ಯಾನುಗಳು ಹಿಂದಿನ ಕೆಂಪು ದೀಪವನ್ನು ಮರೆಮಾಡುತ್ತವೆ, ಅದಕ್ಕೇ ಕ್ಯಾನಿನ ಹಿಂಬದಿಗೇ ಕೆಂಪು ರೇಡಿಯಂ ಅಂಟಿಸಿ. ಕರಿ ಕಂಬಳಿ ಹೊದ್ದು ಓಡಿಸಬೇಡಿ, ಮೇಲೊಂದು ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿ. ಹೆಲ್ಮೆಟ್ಟಿನ ಗಾಜಿಗೆ ಉಸಿರಿನ ಹಬೆ ಕೂತರೆ ಅದನ್ನು ಬೆರಳಷ್ಟು ಮೇಲೆತ್ತಿಕೊಳ್ಳಿ. ಹೊಲದ ನಡುವೆ ಚಿಗರಿಗಳು (ಕೃಷ್ಣಮೃಗ) ಅಡ್ಡ ಹಾರುವ ಜಾಗ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ದಾಟಿತೆಂದರೆ ಹಿಂದೆ ಇನ್ನೂ ಇವೆ ಎಂದೇ ತಿಳಿಯಿರಿ.

ಪ್ರಶ್ನೆ: ನನ್ನ ಪತಿ ಭಾಲ್ಕಿಯಿಂದ ಉದಗೀರ್, ಹೈದರಾಬಾದ್ ಕಡೆ ಲಾರಿ ಓಡಿಸುತ್ತಾರೆ. ಮಂಜು ಅಥವಾ ಜೋರು ಮಳೆ ಬಂದರೆ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುತ್ತಾರಂತೆ, ಎಲ್ಲರೂ ಹಾಗೇ ಮಾಡುತ್ತಾರಂತೆ. ತೀರಾ ಕಾಣದಿದ್ದರೆ ರಸ್ತೆ ಬದಿಗೆ ನಿಲ್ಲಿಸಿಬಿಡುತ್ತಾರೆ. ಅವರು ಮನೆಗೆ ಬರುವವರೆಗೂ ನನಗೆ ಜೀವ ಕೈಯಲ್ಲಿರುತ್ತದೆ.

ಉತ್ತರ: ನಿಮ್ಮ ಕಳವಳ ಅರ್ಥವಾಗುತ್ತದೆ, ತಾಯಿ. ಕಾಣದಾಗ ನಿಲ್ಲಿಸುವ ಬುದ್ಧಿ ಇರುವ ಚಾಲಕರು ಅವರು, ಅದು ನಿಮಗೆ ಧೈರ್ಯ ಕೊಡಬೇಕು. ಎರಡು ವಿಷಯ ಮಾತ್ರ ಅವರಿಗೆ ತಿಳಿಸಿ.

ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗುವುದು ‘ನಾನು ನಿಂತಿದ್ದೇನೆ, ಕೆಟ್ಟಿದ್ದೇನೆ’ ಎಂಬ ಸನ್ನೆ. ಓಡುತ್ತಿರುವಾಗ ಅದನ್ನು ಹಾಕಿದರೆ ಹಿಂದಿನವರಿಗೆ ಲಾರಿ ನಿಂತಿದೆಯೋ ಹೋಗುತ್ತಿದೆಯೋ ತಿಳಿಯದು. ಎಡಕ್ಕೋ ಬಲಕ್ಕೋ ತಿರುಗುವಾಗ ತೋರಿಸಲು ಬೇರೆ ಸನ್ನೆಯೂ ಉಳಿಯುವುದಿಲ್ಲ. ಓಡುವಾಗ ಡಿಪ್ಪರ್, ಹಿಂದಿನ ಕೆಂಪು ದೀಪ, ಇದ್ದರೆ ಫಾಗ್ ಲೈಟ್, ಇಷ್ಟೇ ಇರಲಿ.

ನಿಲ್ಲಿಸುವುದಾದರೆ ಡಾಂಬರಿನ ಅಂಚಿನಲ್ಲಿ ಬೇಡ. ಹಿಂದಿನ ಚಾಲಕ ಮಂಜಿನಲ್ಲಿ ಮುಂದಿನ ಕೆಂಪು ದೀಪವನ್ನೇ ದಾರಿ ಎಂದು ಹಿಡಿದು ಬಂದು ಹಿಂದಿನಿಂದ ಗುದ್ದಿಬಿಡಬಹುದು. ಪೆಟ್ರೋಲ್ ಬಂಕು, ಧಾಬಾ, ಟೋಲಿನ ಆಚೆಯ ಅಗಲ ಜಾಗ, ಲಾರಿಗಳಿಗೆಂದೇ ಬಿಟ್ಟ ಬದಿ, ಇಂಥ ಕಡೆಗೆ ನಿಧಾನವಾಗಿ ತಲುಪಿ ರಸ್ತೆಯಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಲಿ. ದಾರಿಯಲ್ಲಿ ಅಂಥ ಜಾಗಗಳು ಎಲ್ಲೆಲ್ಲಿವೆ ಎಂದು ಅವರಿಗೆ ಬಾಯಿಪಾಠವೇ ಇರುತ್ತದೆ. ಲಾರಿ ಕೆಟ್ಟು ರಸ್ತೆಯಲ್ಲೇ ನಿಲ್ಲಬೇಕಾಗಿ ಬಂದರೆ ಆಗ ನಾಲ್ಕೂ ಇಂಡಿಕೇಟರ್ ಹಾಕಲಿ, ಹೊಳೆಯುವ ತ್ರಿಕೋನದ ಫಲಕವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಲಿ, ಮಂಜಿದ್ದರೆ ಇನ್ನೂ ಹಿಂದೆ. ಕ್ಲೀನರ್ ಹುಡುಗನೂ ಸೇರಿ ಇಬ್ಬರೂ ಲಾರಿಯ ಒಳಗಾಗಲಿ ಹಿಂದಾಗಲಿ ಕೂರದೆ ರಸ್ತೆಯಿಂದ ದೂರ ಸರಿದು ನಿಲ್ಲಲಿ.

ಮಂಜಿನಲ್ಲಿ ನಡುವೆ ಫೋನ್ ಮಾಡಿ ವಿಚಾರಿಸಬೇಡಿ, ಓಡಿಸುವಾಗ ಅವರ ಕಣ್ಣು ರಸ್ತೆಯಿಂದ ಕದಲಬಾರದು. ಹೊರಡುವಾಗ ಮಾತಾಡಿ, ಹುಮನಾಬಾದಿನಲ್ಲೋ ಜಹೀರಾಬಾದಿನಲ್ಲೋ ಚಹಾಕ್ಕೆ ನಿಲ್ಲಿಸಿದಾಗ ಅವರೇ ಫೋನ್ ಮಾಡಲಿ ಎಂದು ಗೊತ್ತುಮಾಡಿಕೊಳ್ಳಿ.